ಮಹಾಪ್ರಾಣ

ಮೂವತ್ತೊಂದು ವರ್ಷ ಕನ್ನಡ ಪಾಠ ಮಾಡಿದವಳು ನಾನು,
ಸಂದರ್ಶಕ ಮಂಡಳಿಗೆ ಹೆಸರು ಬಂದಾಗ
ಕೆಂಪು ಪೆನ್ನೊಂದನ್ನು ಚೀಲಕ್ಕೆ ಹಾಕಿಕೊಂಡೆ.

ಶಿವಮೊಗ್ಗದ ಜೈಲು ಕಚೇರಿ. ಸಕ್ಕರೆ ಜಾಸ್ತಿಯಾದ ಚಹಾ.
ಪೆರೋಲ್ ಅರ್ಜಿ ನಲವತ್ತು, ತಿರಸ್ಕೃತ ನಲವತ್ತು.
ಪೊಲೀಸ್ ವರದಿ ಒಂದೊಂದರ ಕೊನೆಗೂ
"ಊರಲ್ಲಿ ಶಾಂತಿಬಂಗದ ಸಂಭವವಿರುತ್ತದೆ."
ಊರು ಬೇರೆ, ಠಾಣೆ ಬೇರೆ, ಸಹಿ ಬೇರೆ,
ಭ ಮಾತ್ರ ಎಲ್ಲೂ ಉಸಿರು ಕಳಕೊಂಡ ಬ.

ನಲವತ್ತು ಹುಡುಗರು ಒಂದೇ ತಪ್ಪು ಬರೆದರೆ
ಯಾರ ಪಟ್ಟಿ ನೋಡಿ ಬರೆದಿರೆಂದು ಕೇಳುವುದು ನನ್ನ ಚಾಳಿ.

ರಿಪ್ಪನ್‌ಪೇಟೆಯಲ್ಲಿ ಬಸ್ಸಿಳಿದು ಆಟೋ ಹಿಡಿದೆ,
ಕೆರಿಯಪ್ಪನ ಕತ್ತಿಗೆ ಸಿಕ್ಕವನ ಹೆಂಡತಿ
ಜಟ್ಟಮ್ಮನ ಮನೆಗೆ.
ಸೊಪ್ಪು ಸೋಸುತ್ತಿದ್ದಳು, ತಲೆ ಎತ್ತಲಿಲ್ಲ.
"ಅವನನ್ನು ಬಿಡಬಾರದು ಅಂದಿದ್ದೀರಂತೆ?"
"ಯಾರ ಹತ್ರ ಅಂದೆ? ಯಾರು ಕೇಳಿದ್ರು?
ಅವನ ಅವ್ವ ಸಾಯೋವಾಗ ಬಾಯಿಗೆ ನೀರು ಬಿಟ್ಟೋಳು ನಾನು.
ಬರ್ಲಿ ಅಂತಲೂ ಅಲ್ಲ, ಬ್ಯಾಡ ಅಂತಲೂ ಅಲ್ಲ.
ಕೇಳ್ಬೇಕಿತ್ತು, ಅಷ್ಟೆ."

ಭೇಟಿ ಪುಸ್ತಕದಲ್ಲಿ ಎರಡು ಪುಟ ಬರೆದೆ,
ವರದಿಗಳ ನಕಲಿನಲ್ಲಿ ಬಂಗಕ್ಕೆಲ್ಲ ಕೆಂಪು ಸುತ್ತು ಹಾಕಿ.
ಅಧೀಕ್ಷಕರು ಓದಿದರು. "ಸುಧಾರಿಸೋಣ ಮೇಡಂ" ಎಂದರು,
ನಿಜಕ್ಕೂ ನೊಂದ ಮುಖದಲ್ಲೇ.

ಮೂರು ತಿಂಗಳಿಗೆ ಹೊಸ ಕಡತ:
ಅರ್ಜಿ ನಲವತ್ತೊಂದು, ತಿರಸ್ಕೃತ ನಲವತ್ತೊಂದು.
ಎಲ್ಲದರಲ್ಲೂ ಶಾಂತಿಭಂಗ,
ಹೊಟ್ಟೆ ಸೀಳಿದ ಚೊಕ್ಕ ಭ.

ಪೆನ್ನಿನ ಮುಚ್ಚಳ ತೆಗೆದೆ. ತಿದ್ದಲು ಏನೂ ಇರಲಿಲ್ಲ.
ಮೇಲಿನ ಅರ್ಜಿಯ ವಿಳಾಸ ನೋಡಿದೆ: ಆನವಟ್ಟಿ.
ಬೆಳಗಿನ ಮೊದಲ ಬಸ್ಸು ಎಷ್ಟಕ್ಕೆಂದು
ಜವಾನನನ್ನು ಕೇಳಿದೆ.