ಮೂವತ್ತೇಳು ಡಿಗ್ರಿ

ಪರೇಲಿನಿಂದ ಖಾರ್ಘರಿಗೆ ಆಸ್ಪತ್ರೆಯ ಬಸ್ಸು.
ಮಡಿಲಲ್ಲಿ ನೀಲಿ ಡಬ್ಬಿ, ಡಬ್ಬಿಯಲ್ಲಿ ಐಸು,
ಐಸಿನ ನಡುವೆ, ಗುಲಾಬಿ ದ್ರವದಲ್ಲಿ,
ಅಕ್ಕಿಕಾಳಿಗಿಂತ ತುಸು ದೊಡ್ಡ ಚೂರು.
ಪಕ್ಕದ ಸೀಟಿನ ನರ್ಸ್ ಕೇಳಿದಳು, ಟಿಫಿನ್ನಾ?
ಹ್ಞೂಂ, ಅಂದೆ.

ವಾಶಿಯ ಸೇತುವೆ ಬಂತು.
ಕೆಳಗೆ ನೀರಿಳಿದ ಖಾಡಿ, ಕೆಸರಲ್ಲಿ
ಓರೆಯಾಗಿ ಹೂತ ಒಂದು ದೋಣಿ.
ಮಿದುಳಿನಲ್ಲೂ ಒಂದಿದೆ, ಹೆಬ್ಬೆರಳ ಗಾತ್ರದ್ದು,
ಪುಸ್ತಕ ಅದನ್ನೂ ಸೇತುವೆಯೆಂದೇ ಕರೆಯುತ್ತದೆ.
ನುಂಗುವುದು, ನಗುವುದು, ಕಣ್ಣು ಹೊರಳುವುದು
ಎಲ್ಲ ಅದರ ಮೇಲೇ ದಾಟಬೇಕು.
ಸಿದ್ರಾಮನ ಗಡ್ಡೆ ಕೂತದ್ದು ಅಲ್ಲಿ.
ಕೂತದ್ದಲ್ಲ, ನೇಯ್ದುಕೊಂಡದ್ದು.
ಇಳಕಲ್ ಸೆರಗಿನ ಕೆಂಪನ್ನು ಮಾತ್ರ ಬಿಡಿಸಿ ಕೊಡಿ ಎಂದರೆ
ಯಾವ ಕತ್ತರಿ ಒಪ್ಪೀತು?
ಸೂಜಿಗೆ ಸಿಕ್ಕಿದ್ದು ಇಷ್ಟೇ.

ಒಪ್ಪಿಗೆಪತ್ರ ಓದಿ ಹೇಳಲು ನನ್ನನ್ನು ಕರೆದಿದ್ದರು.
ಲ್ಯಾಬಿನಲ್ಲಿ ಕನ್ನಡ ಬರುವವಳು ನಾನೊಬ್ಬಳೇ,
ಅದೂ ಡೊಂಬಿವಲಿಯ ಕನ್ನಡ,
ಅಮ್ಮ ಅಡುಗೆಮನೆಯಲ್ಲಿ ಆಡಿದಷ್ಟು.
ಅಂಗಾಂಶ ಅಂದ್ರೇನ್ರಿ? ಎಂದರು ಕಸ್ತೂರಬಾಯಿ.
ಆ ಪದವನ್ನು ನಾನೂ ಓದಿದ್ದು ಅಲ್ಲೇ ಮೊದಲು.
ಚೂರು, ಅಂದೆ.
ಇದರಿಂದ ನಮ್ಮ ಹುಡುಗಗ ಆರಾಮಾಗ್ತದೇನ್ರಿ?
ಇಲ್ಲ ಎಂಬುದು ಪತ್ರದಲ್ಲಿ ಹನ್ನೊಂದು ಸಾಲು ಉದ್ದವಿತ್ತು.
ನಾನು ಒಂದೇ ಮಾತಲ್ಲಿ ಹೇಳಿ
ಗೋಡೆಯ ಕ್ಯಾಲೆಂಡರ್ ನೋಡಿದೆ.
ಅವರು ಬಿಡಿಬಿಡಿ ಅಕ್ಷರದಲ್ಲಿ ಹೆಸರು ಬರೆದು,
ಒತ್ತನ್ನು ಎರಡು ಸಲ ತಿದ್ದಿ,
ಪೆನ್ನು ವಾಪಸು ಕೊಡುತ್ತ ಹೇಳಿದ್ದು ಇಷ್ಟು:
ಐಸಿನ್ಯಾಗ ಯಾಕ ಇಡ್ತೀರಿ, ಬೆಚ್ಚಗ ಇಡ್ರಿ.

ಇಡುತ್ತೇನೆ. ಮೂವತ್ತೇಳು ಡಿಗ್ರಿ,
ಜ್ವರವಿಲ್ಲದ ಮಗುವಿನ ಮೈಯಷ್ಟು.
ಎರಡು ದಿನಕ್ಕೊಮ್ಮೆ ಹೊಸ ಊಟ,
ಭಾನುವಾರವೂ, ಲೋಕಲ್ ಹತ್ತಲಾಗದ
ಗಣಪತಿ ವಿಸರ್ಜನೆಯ ದಿನವೂ.
ಏನನ್ನು ಸಾಕುತ್ತಿದ್ದೇನೆಂದು ಗೊತ್ತು ನನಗೆ.
ಅವನನ್ನು ತಿಂದದ್ದನ್ನೇ.

ಇನ್ನೊಂದು ತಟ್ಟೆಯಲ್ಲಿ
ಅವನದೇ ರಕ್ತದಿಂದ ಬಂದ ಕಾವಲಿನ ಕಣಗಳು.
ಐದು ವರ್ಷದಿಂದ ನಾನು ಅವಕ್ಕೆ ಕಲಿಸುತ್ತಿರುವುದು ಒಂದೇ ಪಾಠ:
ಅದು ನಮ್ಮವನಲ್ಲ.
ಅವು ಸುಲಭಕ್ಕೆ ನಂಬುವುದಿಲ್ಲ. ಅದೇ ಮನೆ, ಅದೇ ಮುಖ,
ಅದೇ ಅವ್ವ ಹೆತ್ತದ್ದು.
ಒಂದು ರಾತ್ರಿ ಎರಡರ ಹೊತ್ತಿಗೆ, ಮೈಕ್ರೋಸ್ಕೋಪಿನ ಕೆಳಗೆ,
ಒಂದು ಹೋಗಿ ಅಂಟಿಕೊಂಡಿತು. ಮತ್ತೊಂದು.
ಗಡ್ಡೆಯ ಕಣ ಸುಕ್ಕಿತು, ಗುಳ್ಳೆಯೆದ್ದಿತು, ಒಡೆಯಿತು.
ನಾನು ಯಾರನ್ನೂ ಎಬ್ಬಿಸಲಿಲ್ಲ.
ಕಾರಿಡಾರಿನಲ್ಲಿ ಎರಡು ಸುತ್ತು ಓಡಿಬಂದೆ.

ಆರನೆಯ ದಿನ ಅವು ದಣಿದವು.
(ದಣಿವು ಎಂಬುದು ಶಾಸ್ತ್ರದ್ದೇ ಪದ, ನಾನು ಸೇರಿಸಿದ್ದಲ್ಲ.)
ಉಳಿದದ್ದು ಬೆಳೆದು ಮತ್ತೆ ತಟ್ಟೆ ತುಂಬಿತು.

ಎನ್ ಎಷ್ಟು? ಕೇಳುತ್ತಾರೆ ನೀಲೋಫರ್ ಮೇಡಂ.
ಮೂರು.
ಮೂರರಿಂದ ಏನೂ ಹೇಳಲಾಗದು, ಎನ್ನುತ್ತಾರೆ. ನಿಜ.
ಪ್ರಬಂಧದಲ್ಲಿ ಅವನು ಪಿ-೧೧:
ಗಂಡು, ಏಳು ವರ್ಷ, ಒಂಬತ್ತು ತಿಂಗಳು.
ಆ ಒಂಬತ್ತು ತಿಂಗಳು ವಯಸ್ಸಿನ ಲೆಕ್ಕದ್ದಲ್ಲ.

ಮಾರ್ಚಿನಲ್ಲಿ ಫೋನು ಬಂತು.
ಇಂಡಿಯ ಲಿಂಬೆ ಲೋಡು ವಾಶಿ ಮಾರ್ಕೆಟ್ಟಿಗೆ ಬಂದಿತ್ತು,
ಓಡಿಸಿಕೊಂಡು ಬಂದವರು ಅವನಪ್ಪ.
ಲಾರಿಯ ನೆರಳಲ್ಲಿ ಒಂದು ಗಂಟು ಕೊಟ್ಟರು,
ಎಣಿಸಿ ಕಟ್ಟಿದ ಹನ್ನೆರಡು ಹಣ್ಣು.
ತುಂಬ ಹೊತ್ತು ಟೈರನ್ನೇ ನೋಡಿ ಕೇಳಿದರು:
ಅದು ಇನ್ನೂ ಐತೇನ್ರಿ?
ಯಾವುದು ಅಂತ ಕೇಳಲಿಲ್ಲ ನಾನು.
ಐತ್ರಿ, ಅಂದೆ, ಅವರ ಕನ್ನಡದಲ್ಲಿ.
ಬೆಚ್ಚಗ?
ಬೆಚ್ಚಗ.

ಲ್ಯಾಬಿನೊಳಕ್ಕೆ ಹಣ್ಣು ಒಯ್ಯುವಂತಿಲ್ಲ.
ಗಂಟನ್ನು ಬಾಗಿಲಾಚೆ ಚಪ್ಪಲಿಗಳ ಪಕ್ಕ ಇಟ್ಟೆ.
ಎರಡು ಸಲ ಸೋಪು, ಆಮೇಲೆ ಸ್ಪಿರಿಟ್ಟು, ಆಮೇಲೆ ಕೈಗವಸು.
ಒಳಗೆ ಬೆರಳಲ್ಲಿ ಇನ್ನೂ ಲಿಂಬೆ.
ಇವತ್ತು ಅದರ ಊಟದ ದಿನ.