ಉಪ್ಪಿನ ಹೇರು

ವಿನೋಬನಗರದ ಎರಡನೇ ಮಹಡಿ. ಗೋಡೆಗೆಲ್ಲ ಮೊಟ್ಟೆಯ ಟ್ರೇ,
ಕಿಟಕಿಗೆ ಎರಡು ಕಂಬಳಿ. ಇಷ್ಟೇ ನನ್ನ ಸ್ಟುಡಿಯೋ.
ಆದರೂ ಬಂದರು,
ಹಳೇ ವ್ಯಾಪಾರದ ದಾರಿಗಳ ಸಂಗೀತ ಮಾಡುತ್ತೇವೆಂದು:
ಮಸ್ಕತ್ತಿನ ಸಾಲಿಂ, ಅವನ ಹೊಟ್ಟೆಯುಬ್ಬಿದ ಔದ್;
ಸಮರ್‌ಕಂದದ ನಿಗೋರಾ, ಎರಡೇ ತಂತಿಯ ದುತಾರ್;
ಮೆಣಸು ಇಳಿದ, ಉಪ್ಪು ಹತ್ತಿದ
ಹುಲಿಕಲ್ಲಿನ ಹಾದಿಯ ಪರವಾಗಿ
ಶಿಕಾರಿಪುರದಾಚೆಯ ತಾಂಡಾದಿಂದ ಗೇಮ್ಲಿಬಾಯಿ.
ಒಂದು ಕಂಚಿನ ತಟ್ಟೆ, ಒಂದು ಕಡ್ಡಿ,
ಸೆರಗಲ್ಲಿ ಸುತ್ತಿದ ಹೇರೆತ್ತಿನ ಗಂಟೆ.

ಗಂಟೆಗೆ ಮರದ ನಾಲಿಗೆ.
‘ಕಬ್ಬಿಣ ಕೂಗ್ತದೆ, ಮರ ಮಾತಾಡ್ತದೆ.
ರಾತ್ರಿ ಕಾಡಲ್ಲಿ ಕೂಗೋದು ಯಾರಿಗೆ ಬೇಕು?’

ತಾಳಕ್ಕೆಂದು ಕಿವಿಗೆ ಕ್ಲಿಕ್ ಕೊಟ್ಟೆ.
ತೆಗೆದು ಮಡಿಲಿಗೆ ಹಾಕಿಕೊಂಡಳು.
ಹಾಡಿದಳು. ಮೊದಲು ಸರಾಗ, ಆಮೇಲೆ ಎಳೆದೆಳೆದು,
ಒಂದು ಕಡೆ ನಿಂತೇಬಿಟ್ಟಳು,
ತಟ್ಟೆಯ ಮೇಲೆ ಕಡ್ಡಿ ಸುಮ್ಮನೆ.
ಮತ್ತೆ ಶುರು, ಈಗ ಓಟ.
ವಯಸ್ಸಾಗಿದೆ, ಪಾಪ, ಅಂದುಕೊಂಡೆ.

ರಾತ್ರಿ ಕೂತು ತಿದ್ದಿದೆ. ಒಂದೊಂದು ಪೆಟ್ಟನ್ನೂ ಕಿವಿ ಹಿಂಡಿ
ಗೆರೆಗೆ ತಂದು ನಿಲ್ಲಿಸಿದೆ, ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ.
ಔದ್ ಕೂತಿತು. ದುತಾರ್ ಕೂತಿತು.
ಎಲ್ಲ ಎಷ್ಟು ಚೆನ್ನಾಗಿ ಕೂತಿತೆಂದರೆ
ಯಾವುದೂ ಎಲ್ಲಿಗೂ ಹೊರಡುವಂತಿರಲಿಲ್ಲ.

ಬೆಳಿಗ್ಗೆ ಕೇಳಿಸಿದೆ. ಬಸಿಯಲ್ಲಿ ಚಹಾ ಆರುವವರೆಗೂ ಕೇಳಿದಳು.
‘ಬೇಟಾ, ಘಾಟಿ ಎಲ್ಲಿ ಹೋಯ್ತು?’

ಇಲ್ಲಿ ಏರು.
ಇಲ್ಲಿ ಚೀಲ ಜಾರಿ ಪಕ್ಕೆಗೆ ಒತ್ತುತ್ತದೆ.
ಇಲ್ಲಿ ಮುಂದಿನ ಎತ್ತು ನೀರು ಕುಡಿಯುತ್ತದೆ,
ಹಿಂದಿನವೆಲ್ಲ ಕಾಯುತ್ತವೆ. ನಿನಗೇನು ಅವಸರ?

ಘಾಟಿ ಹತ್ತಿದವಳು ಇವಳಲ್ಲ, ಇವಳಜ್ಜಿಯೂ ಅಲ್ಲ,
ಅಜ್ಜಿಯ ಅಜ್ಜಿ. ಇವಳು ಕಂಡದ್ದು
ಶಿಕಾರಿಪುರದ ಬಸ್ಸು, ಸಂತೆಯ ದಿನ ನಿಂತುಕೊಂಡೇ.
ಏದುಸಿರು ಮಾತ್ರ ಹೇಗೋ
ಕೈಯಿಂದ ಕೈಗೆ ಇಳಿದು ಬಂದಿದೆ, ಆ ಗಂಟೆಯ ಜೊತೆ.

ಸಾಲಿಂಗೆ ವಿವರಿಸಿದೆ. ಅವನು ನಕ್ಕ:
‘ತಾತನ ಹಾಯಿಹಡಗಲ್ಲೂ ಹಾಗೇ. ಗಾಳಿ ಬಿದ್ದರೆ
ಹಾಡೂ ಬೀಳಬೇಕು.’
ನಿಗೋರಾ ಏನೂ ಅನ್ನದೆ ಒಂದು ತಂತಿ ಸಡಿಲಿಸಿದಳು.

ತಿದ್ದಿದ್ದನ್ನೆಲ್ಲ ಅಳಿಸಿ ಮೂಲಕ್ಕೆ ಹೋದೆ.
ಎತ್ತು ನೀರು ಕುಡಿಯುವ ಜಾಗದಲ್ಲಿ, ಕಿವಿಯಿಟ್ಟರೆ,
ಕೆಳಗೆ ರಸ್ತೆಯಲ್ಲಿ ಸಿಲಿಂಡರಿನ ಗಾಡಿ
ಖಣಖಣ ಅಂದುಕೊಂಡು ಹೋಗಿದೆ.
ಕಬ್ಬಿಣ, ಅದರ ಸ್ವಭಾವ, ಕೂಗುತ್ತ.
ಬಿಟ್ಟಿದ್ದೇನೆ.
ಅದರ ಬೆನ್ನ ಮೇಲೂ ಹೇರಿತ್ತು.