ಹೊಲಿಗೆ ಯಂತ್ರದ ಗುರುತು

ಠೇವಣಿ ಹಣ ಎಣಿಸಿಟ್ಟವನು ನಾನೇ.
ಇಪ್ಪತ್ತೈದು ಸಾವಿರ, ಅರ್ಧಕ್ಕರ್ಧ ಐವತ್ತರ ನೋಟು,
ಟಿಂಚರಿನ ವಾಸನೆ ಬಿಡದ ನೋಟು.
ಶಿವಮೊಗ್ಗದ ಡಿಸಿ ಆಫೀಸಿನ ಗುಮಾಸ್ತ
ಬೆರಳನ್ನು ನಾಲಿಗೆಗೆ ತಾಗಿಸಿ ಎಣಿಸಲು ಹೊರಟಾಗ
ಡಾಕ್ಟರಮ್ಮ ತಡೆದರು:
"ನೀರು ಮುಟ್ಟಿಸಿಕೊಳ್ಳಿ. ಇವು ಯಾವ ಯಾವ ದಿಂಬಿನಡಿ
ಮಲಗಿ ಎದ್ದು ಬಂದಿವೆಯೋ."
ಅದೇ ಅವರ ಮೊದಲ ಚುನಾವಣಾ ಭಾಷಣ.

ಗುರುತಿಗೆ ಕೇಳಿದ್ದು ಸ್ಟೆತಾಸ್ಕೋಪು.
ಭದ್ರಾವತಿಯ ಒಬ್ಬ ಗುಜರಿ ವ್ಯಾಪಾರಿಯೂ ಅದನ್ನೇ ಕೇಳಿದ್ದ.
ಚೀಟಿ ಎತ್ತಿದರು, ಅವನಿಗೆ ಬಂತು.
ನಮ್ಮ ಪಾಲಿಗೆ ಹೊಲಿಗೆ ಯಂತ್ರ.
ನಾನು ಮುಖ ಸಣ್ಣ ಮಾಡಿಕೊಂಡೆ.
"ಸೂಜಿ ಇದೆಯಲ್ಲ ಚೌಡಪ್ಪ, ಸಾಕು" ಅಂದರು.

ಯಾಕೆ ನಿಂತರು ಅಂತ ಸಾಗರದ ಪೇಟೆಯೆಲ್ಲ ಕೇಳಿತು.
ನನಗೆ ಗೊತ್ತಿರುವುದಿಷ್ಟು:
ಹಿಂದಿನ ವರ್ಷ, ಕಾಡಿನಂಚಿಗೆ ಮಂಗಗಳು ಸತ್ತು ಬಿದ್ದ ವಾರ,
ತರಗು ಗುಡಿಸಲು ಹೋದ ಈರಮ್ಮ
ಜ್ವರ ಹೊತ್ತು ಬಂದಳು. ಒಸಡಿನಲ್ಲಿ ರಕ್ತ.
ಸೀಸೆಯಲ್ಲಿ ರಕ್ತ ಕಳಿಸಿದೆವು.
ರಿಪೋರ್ಟು ಬಂತು,
ಅವಳ ತಿಥಿ ಮುಗಿದು ನಾಲ್ಕು ದಿನಕ್ಕೆ.
ಡಾಕ್ಟರಮ್ಮ ಅದನ್ನು ಫೈಲಿಗೆ ಹಾಕಲಿಲ್ಲ,
ಬಿ.ಪಿ. ಪೆಟ್ಟಿಗೆಯ ಮುಚ್ಚಳದ ಒಳಮೈಗೆ ಅಂಟಿಸಿದರು.
ಆಮೇಲೆ ಯಾರ ತೋಳಿಗೆ ಪಟ್ಟಿ ಸುತ್ತಿದರೂ
ಅವರ ಕಣ್ಣೆದುರು ಈರಮ್ಮ.

ಪ್ರಚಾರವೆಂದರೆ ಒಂದು ಬಾಡಿಗೆ ಜೀಪು,
ಮೂರನೇ ದಿನಕ್ಕೆ ಗಂಟಲು ಕಟ್ಟಿದ ಮೈಕು.
ಮತ ಕೇಳಲು ಕೈ ಮುಗಿದರೆ
ಜನ ಮಣಿಕಟ್ಟು ಚಾಚಿದರು, ನಾಡಿ ನೋಡಿ ಅಂತ.
ಶಿಕಾರಿಪುರದ ಸಂತೆಯಲ್ಲಿ ಭಾಷಣದ ನಡುವೆ
ಒಬ್ಬ ಎದ್ದು ನಾಲಿಗೆ ಹೊರಹಾಕಿದ.
ಅಣಕವೆಂದು ಸಂತೆ ನಕ್ಕಿತು.
ಇವರು ಮೈಕು ನನ್ನ ಕೈಗಿಟ್ಟು ಇಳಿದು ಹೋಗಿ
ಬೆಳಕಿಗೆ ಅವನ ಗದ್ದ ತಿರುಗಿಸಿ ನೋಡಿದರು.
ನಿಜವಾಗಿ ರಕ್ತ ಕಮ್ಮಿಯಿತ್ತು.
ಮೈಕು ಹಿಡಿದ ನಾನು ಏನು ಹೇಳಲಿ?
ಹೊಲಿಗೆ ಯಂತ್ರ, ಹೊಲಿಗೆ ಯಂತ್ರ ಅಂದೆ.

ಘಟ್ಟ ಇಳಿದರೆ ಬೈಂದೂರು; ಅದೂ ನಮ್ಮ ಕ್ಷೇತ್ರವೇ.
ಬಂಗುಡೆ ಬುಟ್ಟಿಯ ಹಿಂದಿನಿಂದ ಒಬ್ಬಾಕೆ ಕೇಳಿದಳು:
"ನೀವ್ ದಿಲ್ಲಿಗ್ ಹೋರೆ ಮದ್ದ್ ಕೊಡುಕೆ ಯಾರಿದ್ರ್?"
ಕರಪತ್ರದ ಎರಡೂ ಮಗ್ಗುಲು ತಿರುಗಿಸಿದೆ.
ಉತ್ತರ ಅಚ್ಚಾಗಿರಲಿಲ್ಲ.

ಒಂದು ರಾತ್ರಿ ಅವರ ತಮ್ಮನ ಮಗ, ಲೆಕ್ಕ ಬಲ್ಲವನು,
ಅಲಮಾರಿಯತ್ತ ಬೆರಳು ಮಾಡಿದ:
ಮೂವತ್ತೊಂದು ವರ್ಷದ ರಿಜಿಸ್ಟರು,
ಹೆಸರು, ಊರು, ಫೋನು,
ಒಂದೊಂದು ಮೆಸೇಜು ಬಿಟ್ಟರೆ ಸಾಕು ಅತ್ತೆ.
ಡಾಕ್ಟರಮ್ಮ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡರು.
"ನೋವು ಹೇಳಲು ಕೊಟ್ಟ ಹೆಸರು ಅದು" ಅಂದರು, ಅಷ್ಟೇ.

ಇನ್ನೊಂದು ಕೀಲಿ ನನ್ನ ಹತ್ತಿರ ಇತ್ತು. ಹೇಳಿಬಿಡುತ್ತೇನೆ.
ಆ ರಾತ್ರಿ ತೆರೆದೆ, ಫೋನು ಮಾಡಲಿಕ್ಕಲ್ಲ, ಎಣಿಸಲಿಕ್ಕೆ.
ಪುಟಕ್ಕೆ ಮೂವತ್ತರಂತೆ ಹತ್ತೊಂಬತ್ತು ಸಾವಿರ ಮುಟ್ಟಿ ನಿದ್ದೆ ಬಂತು.
ಕೆಮ್ಮು, ಮೂಲವ್ಯಾಧಿ, ಗಂಡನಿಗೆ ಹೇಳದ ಗಂಟು,
ಎದುರಾಳಿಯ ಬಲಗೈ ಬಂಟನ ಸಕ್ಕರೆ,
ಎಲ್ಲವೂ ನಮ್ಮ ಮತವೇ ಅನ್ನಿಸಿತು.

ನಾಲ್ಕು ಸಾವಿರದ ನೂರ ಹನ್ನೆರಡು.
ಗುಜರಿಯವನ ಸ್ಟೆತಾಸ್ಕೋಪಿಗೆ ಒಂಬತ್ತು ಸಾವಿರ ಚಿಲ್ಲರೆ;
ಅವನಿಗೇ ಆಶ್ಚರ್ಯವಾಗಿತ್ತಂತೆ.

ಮರುದಿನ ಒಂಬತ್ತಕ್ಕೆ ಷಟರು ಎತ್ತಿದೆ.
ಮೊದಲ ಟೋಕನ್ನು ಆವಿನಹಳ್ಳಿಯ ಅಜ್ಜಿ.
ಮತದ ಮಸಿ ಉಗುರಿನ ಜೊತೆ ಮೇಲೆ ಬೆಳೆದಿತ್ತು.
"ನಿಮಗೇ ಒತ್ತಿದ್ದು ಅಮ್ಮ,
ಕಿವಿಗೆ ಹಾಕ್ಕೊತೀರಲ್ಲ, ಆ ಕೊಳವೆಗೆ.
ನಮ್ಮ ಕೇರಿಯೋರೆಲ್ಲ ಅದಕ್ಕೇ."
ನಾನು ಬಾಯಿ ತೆರೆದೆ.
ಡಾಕ್ಟರಮ್ಮ ಕಣ್ಣಲ್ಲೇ ನನ್ನನ್ನು ಮುಚ್ಚಿಸಿ
ಅದೇ ಕೊಳವೆ ಅವಳ ಬೆನ್ನಿಗಿಟ್ಟರು.
"ಉಸಿರು ಎಳ್ಕೊ. ಬಿಡು. ಇನ್ನೊಂದ್ಸಲ."

ಹೊರಗೆ ಜೀಪಿನವನು ಬಾಕಿಗೆ ಕಾದಿದ್ದ.
ಅವನಿಗೂ ಒಂದು ಟೋಕನ್ನು ಕೊಟ್ಟೆ.